ಮುಕ್ಕಾಲು ತಾಸಿನ ಗಾಳಿ

"ಈ ಮಷೀನ್ ಬ್ಯಾಟರಿ ಮ್ಯಾಲೆ ಎಷ್ಟು ತಾಸು ನಡೀತೈತ್ರಿ?"

ಇಳಕಲ್ಲಿನ ಮೋಟರ್ ರಿಪೇರಿ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದ ರೋಹಿಣಿ ತಲೆ ಎತ್ತಿದಳು. ಆಕ್ಸಿಜನ್ ಮಷೀನಿನ ಫೋಟೊ ತೋರಿಸುತ್ತಿದ್ದವನಿಗೆ ಮೂವತ್ತರ ಆಸುಪಾಸು. ಕಣ್ಣು ಚೆಂದ. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು.

"ಯಾರಿಗ್ರಿ, ನಿಮ್ಮ ಅಜ್ಜಗ?"

"ಹೂಂ. ಭಾಳ ಹಟಮಾರಿ ಅಜ್ಜ."

ಅವಳು ನಕ್ಕು ನೋಟ್‌ಬುಕ್ ತೆರೆದಳು. ಮಷೀನಿಗೆ ಇನ್ನೂರ ಮೂವತ್ತು ವೋಲ್ಟು, ಒಂದು ಪಾಯಿಂಟ್ ಮೂರು ಆಂಪಿಯರ್. ಗುಣಿಸಿದರೆ ಹತ್ತಿರ ಹತ್ತಿರ ಮುನ್ನೂರು ವ್ಯಾಟ್.

"ದೊಡ್ಡ ಬ್ಯಾಟರಿ ಹಾಕಿದ್ರ ಲೆಕ್ಕಕ್ಕ ಆರು ತಾಸು. ಇನ್ವರ್ಟರ್ ತನ್ನ ಪಾಲು ತಿಂತೈತಿ. ಐದಕ್ಕೂ ತುಸು ಕಮ್ಮಿ ಹಿಡೀರಿ."

ಮರುದಿನ ಬ್ಯಾಟರಿ ಜೋಡಿಸಲು ಹೋದಾಗ ಮನೆಯಲ್ಲಿ ಅಜ್ಜ ಇರಲಿಲ್ಲ. ಆಕ್ಸಿಜನ್ ಕೊಳವೆ ಫೋಟೊ ತೋರಿಸಿದ್ದವನ ಮೂಗಿಗೇ ಇತ್ತು. ಅವನ ಹೆಸರು ದೀಪಕ, ಹನ್ನೊಂದು ವರ್ಷ ಗ್ರಾನೈಟ್ ಕೊಯ್ದವನು. ಕಲ್ಲಿನ ಧೂಳು ಎದೆ ತುಂಬಿತ್ತು. ಅಂಗಡಿಯಲ್ಲಿ ನಕ್ಕಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಆಮೇಲೆ ವಾರವಾರವೂ ಹೋದಳು.

"ಬ್ಯಾಟರಿಗೆ ವಾರಕ್ಕೊಮ್ಮೆ ನೀರು ಹಾಕಬೇಕೇನ್ರಿ?" ಎಂದು ಅವನು ಒಂದು ದಿನ ಓರೆನೋಟದಲ್ಲಿ ಕೇಳಿದ.

"ಬ್ಯಾರೆ ಮನ್ಯಾಗ ಎರಡು ತಿಂಗಳಿಗೊಮ್ಮೆ. ಇಲ್ಲಿ ವಾರಕ್ಕೊಮ್ಮೆ."

ಅವನ ನಗೆ ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮುಖ ತಿರುಗಿಸಿ, "ಇನ್ನ ಬರಬ್ಯಾಡ. ಡಾಕ್ಟರ್ ನಾ ಎರಡು ವರ್ಷಾನೂ ಬದುಕ್ತೀನಂತ ಹೇಳಿಲ್ಲ" ಅಂದ.

ಅವಳೂ ಹಟಮಾರಿಯೇ. ಮುಂದಿನ ವಾರ ಮತ್ತೆ ಬಂದಳು.

ಅಂದು ಮೇ ತಿಂಗಳ ಬಿಸಿಲು. ಅವನ ತಾಯಿ ಗುರುಲಿಂಗವ್ವ ಖಾಲಿ ಸಿಲಿಂಡರ್ ತುಂಬಿಸಲು ಬಾಗಲಕೋಟೆಗೆ ಹೋಗಿದ್ದಳು. ಹನ್ನೊಂದಕ್ಕೆ ಕರೆಂಟ್ ಹೋಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ನಾಲ್ಕೂವರೆ ತಾಸು ಬೇಕು ಎಂದು ಲೈನ್‌ಮನ್ ಫೋನಿನಲ್ಲಿ ಹೇಳಿದ.

ರೋಹಿಣಿ ನೋಟ್‌ಬುಕ್ ತೆಗೆದಳು. ಫ್ಯಾನಿಗೆ ಅರವತ್ತು ವ್ಯಾಟ್. ಅದೂ ಬ್ಯಾಟರಿ ಮೇಲೆ ತಿರುಗಿದರೆ ನಾಲ್ಕೇ ತಾಸು. ಆರಿಸಿದರೆ ಮುಕ್ಕಾಲು ತಾಸು ಹೆಚ್ಚು. ಎದ್ದು ಫ್ಯಾನ್ ಆರಿಸಿದಳು.

ಅವನ ಅಂಗಿ ಬೆವರಿಗೆ ತೊಯ್ದಿತು. ಅವಳು ಪಕ್ಕದಲ್ಲಿ ಕೂತು ಅದೇ ನೋಟ್‌ಬುಕ್ಕಿನಿಂದ ಗಾಳಿ ಬೀಸತೊಡಗಿದಳು. ಒಂದು ಕೈ ಸೋತರೆ ಇನ್ನೊಂದು.

"ಇದಕ್ಕ ಎಷ್ಟು ವ್ಯಾಟ್?"

"ಮಾತಾಡಬ್ಯಾಡ. ಉಸಿರು ಉಳಸಿಕೋ."

"ಮನಿಗೆ ಹೋಗು, ರೋಹಿಣಿ. ನಾಳೆ ಒಬ್ಬಾಕೀನ ಅಳಬೇಕಾಗ್ತೈತಿ."

"ಈಗ ಹೋದ್ರೂ ಅಳೂದ ಐತಿ," ಅಂದಳು. "ನನಗ ನೀ ಬೇಕು. ಎಷ್ಟು ದಿನಾ ಅಂತ ನಾ ಕೇಳಿಲ್ಲ. ನೀ ಯಾಕ ಎಣಸ್ತಿ?"

ಮೂರೂವರೆಗೆ ಬ್ಯಾಟರಿ ಮುಗಿಯುತ್ತಿದೆ ಎಂದು ಇನ್ವರ್ಟರ್ ಕಿರುಚತೊಡಗಿತು. ಅವನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಇಬ್ಬರೂ ಮಷೀನಿನ ಸದ್ದನ್ನೇ ಕೇಳುತ್ತ ಕೂತರು. ಮೂರು ಮೂವತ್ತೆಂಟಕ್ಕೆ ಕರೆಂಟ್ ಬಂತು.

ದೀಪಕ ಮೆಲ್ಲಗೆ ಅಂದ:

"ಅವ್ವ ಬರಲಿ. ಮದುವಿ ಮಾತು ನೀನ ಹೇಳು. ನನಗ ಅಷ್ಟು ಮಾತಾಡಾಕ ಆಗೂದಿಲ್ಲ."

ರೋಹಿಣಿ ಫ್ಯಾನ್ ಹಾಕಲು ಏಳಲಿಲ್ಲ. ಅವನ ಕೈ ಇನ್ನೂ ಅವಳ ಮಣಿಕಟ್ಟಿನ ಮೇಲೇ ಇತ್ತು.