ಹನ್ನೊಂದು ಕೈ, ಹತ್ತು ಮಕ್ಕಳು

"ಹನ್ನೊಂದು ಕೈ ಎಣ್ಸಿದೀನಿ ಮೇಡಂ. ಚಳ್ಳಕೆರೆ ಬಿಡೋ ಮುಂಚೆ ಒಂದೊಂದನ್ನೂ ಮುಟ್ಟಿ ಎಣ್ಸಿದೀನಿ. ಇಲ್ಲಿ ಇಳಿದಿದ್ದು ಮಾತ್ರ ಹತ್ತೇ ಮಕ್ಳು."

ಕುರಿ ಕಾಯುವ ಪಾಲಣ್ಣ ಇದನ್ನು ಆರನೇ ಸಲ ಹೇಳುತ್ತಿದ್ದ. ಮೊಳಕಾಲ್ಮೂರು ಠಾಣೆಯ ಮುಖ್ಯಪೇದೆ ಕ್ಯಾತಮ್ಮ ಆರನೇ ಸಲವೂ ಬರೆದುಕೊಂಡಳು. ಬರೆದದ್ದನ್ನು ಓದಿದಳು. ತಲೆಬುಡ ಅರ್ಥವಾಗಲಿಲ್ಲ.

1999ರ ವಿಜಯದಶಮಿಯ ಮಾರನೆಯ ದಿನ. ಕೊಂಡ್ಲಹಳ್ಳಿಯ ಹೊರಗಿನ ಕುರಿಹಟ್ಟಿ. ಮೈಸೂರಿನ ದಸರಾ ಮೆರವಣಿಗೆ ತೋರಿಸಲು ಹಟ್ಟಿಯ ಹನ್ನೊಂದು ಮಕ್ಕಳನ್ನು ಪಾಲಣ್ಣ ಮೆಟಡೋರಿನಲ್ಲಿ ಕರೆದೊಯ್ದಿದ್ದ. ಪ್ರತಿವರ್ಷವೂ ಒಯ್ಯುತ್ತಿದ್ದ. ಈ ಸಲ ಜೊತೆಗೆ ಅಂಗನವಾಡಿ ಟೀಚರ್ ಶಿಲ್ಪ, ಚಾಲಕ ದುರುಗೇಶ್. ಬೆಳಗ್ಗೆ ಆರಕ್ಕೆ ಚಳ್ಳಕೆರೆ ಬಸ್ ನಿಲ್ದಾಣದ ಪಕ್ಕ ಟೀ ಕುಡಿದರು. ಏಳೂವರೆಗೆ ಹಟ್ಟಿಗೆ ಬಂದರು. ಹತ್ತು ತಾಯಂದಿರು ಹತ್ತು ಮಕ್ಕಳನ್ನು ಎತ್ತಿಕೊಂಡು ಹೋದರು.

ಮುದ್ದಕ್ಕ ಮಾತ್ರ ಖಾಲಿ ಮೆಟಡೋರಿನ ಮುಂದೆ ನಿಂತಿದ್ದಳು. ಮೊಮ್ಮಗಳ ಸ್ನಾನಕ್ಕೆ ಕಾಯಿಸಿದ ನೀರು ಒಲೆಯ ಮೇಲೆ ಹಾಗೇ ಇತ್ತು.

"ದಿವ್ಯಾಗೆ ಇನ್ನೂ ಐದು ವರ್ಷ ಮೇಡಂ," ಎಂದಳು. "ಅವರಪ್ಪ, ನನ್ ಮಗ, ಲಾರಿ ಬಡಿದು ಹೋದ. ಅವ್ವನೂ ಸತ್ಲು. ನಂಗೆ ಅದೊಂದೇ ಉಳಿದಿರೋದು. ಹುಡುಕಿಕೊಡ್ರಿ."

ಕ್ಯಾತಮ್ಮ ಪುಸ್ತಕದ ಹೊಸ ಹಾಳೆ ತಿರುವಿದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಕುರಿ ಕಳ್ಳತನ, ಪಂಪ್‌ಸೆಟ್ ಕಳ್ಳತನ ನೋಡಿದ್ದಳು. ಓಡುವ ಗಾಡಿಯಿಂದ ಮಗು ಮಾಯವಾದದ್ದನ್ನು ನೋಡಿರಲಿಲ್ಲ.

"ಕೈ ಯಾಕೆ ಎಣಿಸಿದೆ? ಮುಖ ನೋಡಲಿಲ್ವಾ?"

"ಮುಖ ಯಾಕ್ರಿ? ದಾರ ಐತಲ್ಲ!" ಪಾಲಣ್ಣನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ನಮ್ ಮರಿ ಬೇರೆಯೋರ ಮಂದೆಗೆ ಸೇರಬಾರದು ಅಂತ ಕತ್ತಿಗೆ ಕೆಂಪು ಉಣ್ಣೆ ದಾರ ಕಟ್ತೀವಿ. ಮೈಸೂರಲ್ಲಿ ಅಷ್ಟು ಜನ. ಮಕ್ಳ ಬಲಗೈಗೂ ಅದನ್ನೇ ಕಟ್ಟಿದ್ದೆ. ಎಲ್ಲಾ ಕಂಬಳಿ ಹೊದ್ದು ಮಲಗಿದ್ವು. ಕೈ ಹೊರಗೆ ಎಳ್ಕೊಂಡು ದಾರ ಎಣ್ಸಿದೆ. ಹನ್ನೊಂದು ಇತ್ತು."

ಅಂದರೆ ಚಳ್ಳಕೆರೆಯಲ್ಲಿ ದಿವ್ಯಾ ಗಾಡಿಯೊಳಗಿದ್ದಳು. ಹಟ್ಟಿಗೆ ಬರುವಷ್ಟರಲ್ಲಿ ಇರಲಿಲ್ಲ. ಹಾಗಾದರೆ ನಡುದಾರಿಯಲ್ಲೇ ಏನೋ ಆಗಿರಬೇಕು. ಕ್ಯಾತಮ್ಮ ಗಂಡಸರನ್ನು ರಸ್ತೆಯುದ್ದಕ್ಕೂ ಹುಡುಕಲು ಕಳಿಸಿ, ದುರುಗೇಶನತ್ತ ತಿರುಗಿದಳು.

"ನಡುವೆ ಎಲ್ಲಾದ್ರೂ ನಿಲ್ಲಿಸಿದ್ಯಾ?"

"ಇಲ್ಲ ಮೇಡಂ. ಸೀದಾ ಬಂದೆ."

"ನಿಲ್ಲಿಸಿದ್ರಿ," ಎಂದಳು ಶಿಲ್ಪ ಮೆಲ್ಲಗೆ. "ಸೇತುವೆ ಹತ್ರ. ಹತ್ತು ನಿಮಿಷ."

ದುರುಗೇಶ ಗಾಡಿಯ ಬಾಗಿಲತ್ತ ಒಂದು ಹೆಜ್ಜೆ ಇಟ್ಟ.

\* \* \*

ಸುಳ್ಳು ಸಿಕ್ಕಿಬಿದ್ದ ಮೇಲೆ ಹಟ್ಟಿಯ ಗಂಡಸರನ್ನು ಹಿಡಿಯುವುದೇ ಕಷ್ಟವಾಯಿತು. "ನಿಧಿ ತೆಗೆಯೋರಿಗೆ ಮಾರಿದಾನೆ, ಬಲಿಗೆ ಕೊಟ್ಟಿದಾನೆ" ಎಂದು ಯಾರೋ ಕೂಗಿದರು. ಇನ್ಯಾರೋ ದುರುಗೇಶನ ಕೊರಳಪಟ್ಟಿ ಹಿಡಿದರು. ಕ್ಯಾತಮ್ಮ ಲಾಠಿ ಅಡ್ಡಹಿಡಿದು ಅವನನ್ನು ಮೆಟಡೋರಿನೊಳಗೆ ತಳ್ಳಿ ಬಾಗಿಲು ಹಾಕಿದಳು.

"ಈಗ ಬೊಗಳು."

"ಎಣ್ಣೆ ಟಿನ್ನು ಮೇಡಂ. ಚಳ್ಳಕೆರೆ ಮಿಲ್ಲಿಂದ ನಮ್ಮಕ್ಕನಿಗೆ ಎರಡು ಟಿನ್ನು ಕಡಲೆಕಾಯಿ ಎಣ್ಣೆ ತಂದಿದ್ದೆ. ಸೇತುವೆ ಹತ್ರ ಭಾವ ಬಂದು ಇಳಿಸ್ಕೊಂಡ. ಓನರ್‌ಗೆ ಗೊತ್ತಾದ್ರೆ ಗಾಡಿ ಕಿತ್ಕೊಳ್ತಾರೆ ಅಂತ ಸುಳ್ಳು ಹೇಳ್ದೆ. ಹಿಂದಿನ ಬಾಗಿಲು ನಾನು ಮುಟ್ಟೇ ಇಲ್ಲ."

ಅಕ್ಕನ ಮನೆ ಎರಡು ಮೈಲಿ ದೂರ. ಠಾಣೆಯ ಜೀಪು ಹೋಗಿ ಬಂತು. ಎಣ್ಣೆ ಟಿನ್ನು ಎರಡಿದ್ದವು. ಮಗು ಇರಲಿಲ್ಲ. ರಸ್ತೆಗೆ ಹೋದವರೂ ಬರಿಗೈಯಲ್ಲಿ ಬಂದರು.

ಕ್ಯಾತಮ್ಮ ಬೇವಿನ ಕಟ್ಟೆಯ ಮೇಲೆ ಕುಕ್ಕರಿಸಿದಳು. ಎಲ್ಲಿಂದ ಶುರುಮಾಡಬೇಕೋ ತೋಚಲಿಲ್ಲ. ತೋಚದಿದ್ದಾಗ ಮತ್ತೆ ಎಣಿಸುವುದು ಅವಳ ಅಭ್ಯಾಸ. ಹತ್ತೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು.

"ಕೈ ಚಾಚ್ರಪ್ಪ. ಪಾಲಣ್ಣ ಕಟ್ಟಿದ ದಾರ ತೋರಿಸಿ."

ಈ ತುದಿಯಿಂದ ಎಣಿಸಿದಳು. ಹನ್ನೊಂದು. ಆ ತುದಿಯಿಂದ ಎಣಿಸಿದಳು. ಹನ್ನೊಂದೇ. ಮಕ್ಕಳನ್ನು ಎಣಿಸಿದರೆ ಹತ್ತು. ಕ್ಯಾತಮ್ಮನಿಗೆ ಒಂದು ಗಳಿಗೆ ತನ್ನ ತಲೆಯೇ ಕೆಟ್ಟಿತೇನೋ ಅನ್ನಿಸಿತು.

ಆಮೇಲೆ ಕಂಡಿತು. ಸಾಲಿನ ನಡುವೆ ನಿಂತಿದ್ದ ಆರು ವರ್ಷದ ಸ್ವಪ್ನ ಎರಡೂ ಕೈ ಚಾಚಿದ್ದಳು. ಎರಡರಲ್ಲೂ ಕೆಂಪು ದಾರ.

"ಈ ಎಡಗೈದು ಯಾರು ಕಟ್ಟಿದ್ರು ಪುಟ್ಟಿ?"

"ಗೊತ್ತಿಲ್ಲ. ಎದ್ದಾಗ ಇತ್ತು."

ಪಾಲಣ್ಣ ನೆಲದ ಮೇಲೆ ಕೂತುಬಿಟ್ಟ. ಅವನು ಎಣಿಸಿದ್ದು ಹನ್ನೊಂದು ದಾರ, ಹನ್ನೊಂದು ಮಕ್ಕಳನ್ನಲ್ಲ. ಒಂದೇ ಹುಡುಗಿಯ ಎರಡು ಕೈ ಅವನ ಲೆಕ್ಕದಲ್ಲಿ ಇಬ್ಬರಾಗಿತ್ತು. ದಿವ್ಯಾ ನಡುದಾರಿಯಲ್ಲಿ ಕಳೆದಿರಲೇ ಇಲ್ಲ. ಎಣಿಸುವ ಮೊದಲೇ, ಚಳ್ಳಕೆರೆಯಲ್ಲೇ ಅವಳನ್ನು ಇಳಿಸಿಕೊಂಡಾಗಿತ್ತು. ಬೆಳಗ್ಗೆಯೆಲ್ಲ ಹುಡುಕಿದ ರಸ್ತೆಯೇ ತಪ್ಪು.

ಕ್ಯಾತಮ್ಮ ಆ ದಾರವನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಂದು ಕಡೆ ಗಂಟು.

"ಇದು ನಂದೇ ಗಂಟು," ಎಂದ ಪಾಲಣ್ಣ. "ಬಿಚ್ಚಕ್ಕೆ ಬರಲ್ಲ. ಕುಯ್ದೇ ತೆಗೀಬೇಕು."

ಕುಯ್ದೇ ಇದ್ದರು. ಗಂಟಿನ ಎದುರು ಬದಿಯಲ್ಲಿ ಎರಡು ತುದಿಗಳು ಕೂಡಿದ್ದವು. ಆದರೆ ಅಲ್ಲಿ ಗಂಟೇ ಇರಲಿಲ್ಲ. ಬರೀ ಹೊಸೆದು ಸೇರಿಸಿದ್ದರು. ಕ್ಯಾತಮ್ಮನ ಹೆಬ್ಬೆರಳಿಗೆ ಬೂದು ಪುಡಿ ಹತ್ತಿತು.

"ಬೂದಿ! ಮಂತ್ರಿಸಿದ ಬೂದಿ!" ಹೆಂಗಸರು ಹಿಂದೆ ಸರಿದರು. ಮುದ್ದಕ್ಕ ಗೋಡೆಗೆ ಒರಗಿದಳು.

ಸುಳ್ಳು ಹೇಳಬಾರದು, ಆ ಹೊತ್ತಿಗೆ ಕ್ಯಾತಮ್ಮನೂ ನಿಧಿಯ ಮಾತನ್ನು ಅರ್ಧ ನಂಬಿದ್ದಳು.

"ಟೀಚರ್, ಟೀ ಕುಡಿಯುವಾಗ ನೀವೆಲ್ಲಿದ್ರಿ?"

"ಗಾಡಿ ಮುಂದೆನೇ. ಆದ್ರೆ ದಿವ್ಯಾ ಒಂದು ಸದ್ದೂ ಮಾಡಲಿಲ್ಲ ಮೇಡಂ. ಹೊಸಬರು ಮುಟ್ಟಿದ್ರೆ ಊರು ಒಂದಾಗೋ ಹಂಗೆ ಕಿರುಚ್ತಾಳೆ. ಮೈಸೂರಲ್ಲಿ ಆನೆ ಕಾಣ್ಲಿ ಅಂತ ಯಾರೋ ಪಾಪ ಎತ್ಕೊಂಡ್ರು. ಬೀದಿ ಜನವೆಲ್ಲ ಆನೆ ಬಿಟ್ಟು ಇವಳನ್ನೇ ನೋಡಿದ್ರು."

ಕಿರುಚುವ ಮಗು ಕಿರುಚಲಿಲ್ಲ. ಅಂದರೆ ಎತ್ತಿಕೊಂಡವರು ಹೊಸಬರಲ್ಲ. ಆದರೆ ಅವಳಿಗೆ ಗೊತ್ತಿದ್ದವರೆಲ್ಲ ಗಾಡಿಯಲ್ಲಿದ್ದರು, ಇಲ್ಲವೇ ಹಟ್ಟಿಯಲ್ಲಿದ್ದರು.

"ದಿವ್ಯಾಗೆ ಬೇರೆ ನೆಂಟರು ಯಾರಿದಾರೆ?"

ಅಷ್ಟು ಹೊತ್ತು ಗಲಾಟೆ ಮಾಡಿದ ಹಟ್ಟಿ ಒಮ್ಮೆಲೇ ಸುಮ್ಮನಾಯಿತು. ಆ ಮೌನ ಕ್ಯಾತಮ್ಮನಿಗೆ ಚೂರೂ ಹಿಡಿಸಲಿಲ್ಲ.

\* \* \*

ಮೊಳಕಾಲ್ಮೂರಿಗೆ ಮರಳಿದಾಗ ಮಧ್ಯಾಹ್ನ. ಸಾಹೇಬರಿಗೆ ವರದಿ ಒಪ್ಪಿಸಿ, ಒಂದು ತುತ್ತು ತಿನ್ನಲು ಮನೆಗೆ ಹೋದಳು. ನೇಕಾರರ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ ಅವಳದು. ಹಬ್ಬದ ಪೂಜೆ ಮುಗಿದು ಮಗ್ಗಗಳು ಮತ್ತೆ ಶುರುವಾಗಿದ್ದವು. ಜಗಲಿಯಲ್ಲಿ ಮನೆಯೊಡತಿ ಉಚ್ಚಂಗೆಮ್ಮ ಹಳೇ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸಿನ ರೇಷ್ಮೆ ಎಳೆ ಸೇರಿಸುತ್ತಿದ್ದಳು.

"ಏಮಮ್ಮಾ, ತಿನಲೇದಾ? ಇನ್ನೂ ಉಂಡಿಲ್ವಾ? ಮುಖ ಯಾಕೆ ಹಂಗೈತೆ?"

ಕ್ಯಾತಮ್ಮ ಉಚ್ಚಂಗೆಮ್ಮನ ಬೆರಳನ್ನೇ ನೋಡುತ್ತಿದ್ದಳು. ಬೆರಳು ಬೂದಿಯ ಬಟ್ಟಲಿಗೆ ಹೋಯಿತು. ಎರಡು ಎಳೆ ಹಿಡಿಯಿತು. ಹೊಸೆಯಿತು. ಎಳೆ ಒಂದಾಯಿತು.

"ಗಂಟು ಹಾಕಲ್ವಾ?"

"ಗಂಟು ಹಾಕಿದ್ರೆ ಮಗ್ಗದಾಗೆ ಸಿಕ್ಕಾಕ್ಕೊಂತದೆ. ಬೂದಿ ಹಚ್ಚಿ ಹೊಸೀಬೇಕು. ಈಗ ನನ್ ಕೈಗೆ ಗಂಟು ಹಾಕೋದೇ ಮರ್ತೋಗೈತೆ."

ಮಂತ್ರವಿಲ್ಲ, ಬಲಿಯಿಲ್ಲ. ಬರೀ ಕೈಯ ರೂಢಿ. ಕ್ಯಾತಮ್ಮನಿಗೆ ಜೀವ ಬಂದಂತಾಯಿತು.

"ಅಮ್ಮಾ, ಕೊಂಡ್ಲಹಳ್ಳಿ ಕಡೆ ಕುರಿಹಟ್ಟಿಯಿಂದ ಬಂದೋರು ಯಾರಾದ್ರೂ ಇಲ್ಲಿ ನೇಯ್ತಾರಾ?"

"ಯಾಕಿಲ್ಲ? ಆಚೆ ಬೀದಿ ಚಿತ್ತಪ್ಪನ ಹೆಂಡ್ತಿ, ತಿಪ್ಪೇರುದ್ರಮ್ಮ. ಮೊದಲ ಗಂಡ ಲಾರಿಗೆ ಸಿಕ್ಕಿ ಹೋದ್ನಂತೆ. ವರ್ಷದ ಮೇಲಾಯ್ತು ಇವನ್ನ ಮದುವೆಯಾಗಿ. ಒಳ್ಳೇ ಕೈ ಅವಳದು. ಇವತ್ತೇ ಯಾಕೋ ಅವಳ ಮಗ್ಗದ ಸದ್ದಿಲ್ಲ."

ಲಾರಿ. ಕ್ಯಾತಮ್ಮ ಊಟ ಬಿಟ್ಟು ಠಾಣೆಯತ್ತ ಓಡಿದಳು.

\* \* \*

ಹೇಳಿಕೆಗೆಂದು ಕರೆತಂದಿದ್ದ ಮುದ್ದಕ್ಕ, ಪಾಲಣ್ಣ ಠಾಣೆ ಮುಂದೆ ಜೀಪಿನಲ್ಲೇ ಕೂತಿದ್ದರು. ಕ್ಯಾತಮ್ಮ ಮುದ್ದಕ್ಕನ ಪಕ್ಕ ಕೂತು ನೇರವಾಗಿ ಕೇಳಿದಳು. "ದಿವ್ಯಾಳ ಅವ್ವ ಯಾವಾಗ ಸತ್ಲು?"

ಮುದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಂದೆ ಕೂತಿದ್ದ ಪಾಲಣ್ಣನೇ ಉತ್ತರ ಕೊಟ್ಟ. "ಬೇರೆ ಕುಲದೋನ ಕೈ ಹಿಡಿದ್ಲು ಮೇಡಂ. ಹಟ್ಟಿ ಸೇರಿ ಎಳ್ಳುನೀರು ಬಿಟ್ವಿ. ಅವಳ ಹೆಸರು ಎತ್ತಂಗಿಲ್ಲ, ಅವಳ ಮನೆ ನೀರು ಮುಟ್ಟಂಗಿಲ್ಲ. ನಮ್ ಪಾಲಿಗೆ ಸತ್ತಂಗೇ."

"ಮಗು ಕಳೆದ ದಿನವೂ ಹೆಸರು ಎತ್ತಲಿಲ್ಲ!"

ಪಾಲಣ್ಣ ತಲೆ ತಗ್ಗಿಸಿದ. ಕ್ಯಾತಮ್ಮನಿಗೆ ಅವನ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂದಿತ್ತು.

ಚಿತ್ತಪ್ಪನ ಮನೆಯ ಬಾಗಿಲು ಹಾಕಿತ್ತು. ಬಡಿದಾಗ ಅವನೇ ತೆಗೆದು, ಏನೂ ಕೇಳದೆ ಪಕ್ಕಕ್ಕೆ ಸರಿದ. ಒಳಗೆ ಮಗ್ಗದ ಪಕ್ಕ ತಿಪ್ಪೇರುದ್ರಮ್ಮ ಕೂತಿದ್ದಳು. ಅವಳ ತೊಡೆಯ ಮೇಲೆ, ಕಾಗದದ ದಸರಾ ಕಿರೀಟ ತೊಟ್ಟು ದಿವ್ಯಾ ಮಂಡಕ್ಕಿ ತಿನ್ನುತ್ತಿದ್ದಳು. ಬಲಗೈಯಲ್ಲಿ ದಾರವಿರಲಿಲ್ಲ.

ಮುದ್ದಕ್ಕ ಹೊಸ್ತಿಲಲ್ಲೇ ನಿಂತಳು.

"ನಿನ್ನ ಹಿಡಿದುಕೊಟ್ಟಿದ್ದು ಮೂರು ವಿಷಯ," ಎಂದಳು ಕ್ಯಾತಮ್ಮ. "ಪಾಲಣ್ಣ ಮುಖ ನೋಡಲ್ಲ, ದಾರ ಎಣಿಸ್ತಾನೆ ಅಂತ ಹಟ್ಟಿಯಲ್ಲಿ ಬಾಳಿದೋರಿಗೆ ಮಾತ್ರ ಗೊತ್ತು. ಗಂಟಿಲ್ಲದೆ ಬೂದಿಯಲ್ಲಿ ಹೊಸೆಯೋದು ನೇಕಾರರಿಗೆ ಮಾತ್ರ ಗೊತ್ತು. ಮನೆಯೋರು ಮುಟ್ಟಿದ್ರೆ ಮಾತ್ರ ದಿವ್ಯಾ ಕಿರುಚಲ್ಲ. ಮೂರೂ ಒಬ್ಬಳಲ್ಲೇ ಇತ್ತು. ಸತ್ತಿದಾಳೆ ಅಂತ ಇವರು ಹೇಳದೇ ಇದ್ದಿದ್ರೆ ಬೆಳಗ್ಗೆಯೇ ಬರ್ತಿದ್ದೆ."

"ಬರೀ ನೋಡಕ್ಕೆ ಹೋಗಿದ್ದೆ ಮೇಡಂ," ಎಂದಳು ತಿಪ್ಪೇರುದ್ರಮ್ಮ. "ಹಿಂದೆ ಒಂದು ವರ್ಷ ನಾನೂ ಮಕ್ಳ ಜೊತೆ ಹೋಗಿದ್ದೆ. ಅದೇ ಅಂಗಡಿ ಹತ್ರ ಟೀಗೆ ನಿಲ್ಲಿಸ್ತಾರೆ ಅಂತ ಗೊತ್ತಿತ್ತು. ಕಂಬಳಿ ಸರಿಸ್ದೆ. ಕಣ್ಣು ಬಿಟ್ಟು ಅವ್ವಾ ಅಂದ್ಲು."

"ಬರೀ ನೋಡೋಕೆ ಹೋದವಳು ದಾರ ಕುಯ್ಯೋಕೆ ಬ್ಲೇಡ್ ಯಾಕೆ ಒಯ್ದೆ?"

ತಿಪ್ಪೇರುದ್ರಮ್ಮ ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು. "ಹೌದು. ಕರ್ಕೊಂಡು ಬರಕ್ಕೇ ಹೋಗಿದ್ದೆ. ದಾರ ಕುಯ್ದು ಸ್ವಪ್ನನ ಕೈಗೆ ಸುತ್ತಿದೆ. ಟೀ ಒಲೆ ಮುಂದಿನ ಬೂದಿ ತಗೊಂಡು ಹೊಸೆದೆ. ಮೊದಲ್ನೇ ಬಸ್ಸು ಹತ್ತಿದ್ವಿ. ಇವರ ಮೆಟಡೋರ್ ಸೇತುವೆ ಹತ್ರ ನಿಂತಿತ್ತು, ನಮ್ ಬಸ್ಸು ಮುಂದೆ ಹೋಯ್ತು. ಮೂರು ಸಲ ಹಟ್ಟಿ ಬೇಲಿ ತನಕ ಬಂದಿದ್ದೆ ಮೇಡಂ, ಮುಖ ತೋರಿಸ್ರಿ ಅಂತ. ಕಲ್ಲು ಹೊಡೆದು ಕಳಿಸಿದ್ರು."

"ಅಪ್ಪ ಇಲ್ಲದ ಮಗೀಗೆ ಅವ್ವನೇ ಹಕ್ಕುದಾರಳು. ಎರಡು ಬೀದಿ ಆಚೆ ಠಾಣೆ ಐತೆ. ಬಂದು ಕೇಳಿದ್ರೆ ಆಗ್ತಿತ್ತು."

"ನೀವು ನನ್ ಮಾತು ಕೇಳ್ತಿದ್ರಾ, ಹಟ್ಟಿ ಮಾತು ಕೇಳ್ತಿದ್ರಾ?"

ಕ್ಯಾತಮ್ಮ ಬಾಗಿಲಲ್ಲಿ ನಿಂತಿದ್ದ ಪಾಲಣ್ಣನತ್ತ ನೋಡಿದಳು.

ಅಷ್ಟು ಹೊತ್ತೂ ದಿವ್ಯಾ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ನಿನ್ನೆ ಆನೆಯ ಮೇಲೆ ಚಿನ್ನದ ಅಂಬಾರಿ ನೋಡಿದ್ದಳು. ಇವತ್ತು ಕಣ್ಣು ಬಿಟ್ಟರೆ ಸತ್ತುಹೋದ ಅವ್ವ. ಅವಳ ಪುಟ್ಟ ತಲೆಯಲ್ಲಿ ಯಾವುದು ನಿಜವೋ ಯಾವುದು ಕನಸೋ. ಕೊನೆಗೆ ಅಜ್ಜಿಯನ್ನೇ ಕೇಳಿದಳು.

"ಅಜ್ಜೀ, ಸತ್ತೋರೆಲ್ಲಾ ವಾಪಸ್ ಬರ್ತಾರಾ? ಹಂಗಾದ್ರೆ ಅಪ್ಪ ಯಾವಾಗ ಬರ್ತಾನೆ?"

ಮುದ್ದಕ್ಕ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಆಮೇಲೆ ಸೊಸೆಯತ್ತ ಕೈ ಚಾಚಿದಳು.

"ತಿಪ್ಪೇರುದ್ರೀ, ಬಾಯಿ ಒಣಗೈತೆ. ಒಂದು ಲೋಟ ನೀರು ಕೊಡೇ."

"ಮುದ್ದಕ್ಕ, ಈ ಮನೆ ನೀರು..." ಪಾಲಣ್ಣ ಬಾಯಿ ತೆರೆದ.

ಮುದ್ದಕ್ಕ ಲೋಟ ಎತ್ತಿ ಗಟಗಟ ಕುಡಿದಳು. ಖಾಲಿ ಲೋಟವನ್ನು ಅವನಿಗೆ ಕಾಣುವಂತೆ ನೆಲಕ್ಕಿಟ್ಟಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದಳು.

"ಅಪ್ಪ ಬರಲ್ಲ ಮಗಾ. ಸತ್ತೋರು ಬರಲ್ಲ. ನಿಮ್ಮವ್ವ ಸತ್ತೇ ಇರಲಿಲ್ಲ. ಸುಳ್ಳು ಹೇಳಿದ್ದು ನಾನು."

ಕ್ಯಾತಮ್ಮ ಪುಸ್ತಕ ತೆಗೆದಳು. ಮಗು ಸಿಕ್ಕಿದೆ, ಸೌಖ್ಯವಾಗಿದೆ ಎಂದು ಬರೆದಳು. ಕೆಳಗೆ ಆರೋಪಿಯ ಹೆಸರಿಗೆ ಜಾಗವಿತ್ತು. ಅಲ್ಲಿ ಯಾರ ಹೆಸರು ಬರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ನಾಳೆ ಬೆಳಗ್ಗೆ ಎಲ್ಲರೂ ಠಾಣೆಗೆ ಬರಬೇಕೆಂದು ಹೇಳಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡಳು.