ಮೊಣಕೈ ಕೆಳಗಿನ ಬೆರಳು

ಹುಬ್ಬಳ್ಳಿಯ ಆ ನರಚಿಕಿತ್ಸಾಲಯದ ಕಾಯುವ ಕೋಣೆಯಲ್ಲಿ ಕೂತವರೆಲ್ಲ ಗಾಳಿಗೆ ಕೈ ಬೀಸುತ್ತಿದ್ದರು. ಹೊಸದಾಗಿ ಬಂದವರು ಇದು ಆಸ್ಪತ್ರೆಯೋ ಹುಚ್ಚರ ಸಂತೆಯೋ ಎಂದು ಬಾಗಿಲಲ್ಲೇ ಅನುಮಾನಿಸುವುದಿತ್ತು. ಪ್ರತಿಯೊಬ್ಬರ ಮುಷ್ಟಿಯಲ್ಲೂ ಒಂದು ಮೊಬೈಲು. ತೋಳು ಹಿಂದಕ್ಕೆ ಹೋಗಿ ಮುಂದಕ್ಕೆ ಬಂದು ನಿಂತೊಡನೆ ಪರದೆಯೊಳಗೆ ಒಂದು ಕೆಂಪು ಗುಂಡು ಉರುಳಿಕೊಂಡು ಹೋಗಿ, ಆ ತುದಿಯಲ್ಲಿ ತ್ರಿಕೋನವಾಗಿ ನಿಂತ, ಸೀಸೆಯಂಥ ಹತ್ತು ಪಿನ್ನುಗಳನ್ನು ಕೆಡವುತ್ತಿತ್ತು. ಗುರಿ ತಪ್ಪಿದರೆ ಗುಂಡು ಪಕ್ಕದ ಕಾಲುವೆಗೆ ಜಾರಿ ಮಾಯವಾಗುತ್ತಿತ್ತು. ಮೊಬೈಲಿನ ಬೆನ್ನಿಗೆ ಅಂಟಿಸಿದ ತೆಳುವಾದ ಪೊರೆಯೊಂದು ಅಂಗೈಗೆ ನವಿರಾದ ಕಂಪನಗಳನ್ನು ಕಳಿಸಿ, ಇಲ್ಲದ ಗುಂಡಿಗೆ ತೂಕವಿದೆಯೆಂದು ನರಗಳನ್ನು ನಂಬಿಸುತ್ತಿತ್ತು.

ಈ ಆಟವನ್ನು ಮಾಡಿದವನು ಶ್ರೀಕರ ಹೆಬ್ಬಳ್ಳಿ. ಮಾಡಿದ್ದು ರೋಗಿಗಳಿಗಾಗಿ ಅಲ್ಲ, ರೈಲಿನಲ್ಲಿ ಹೊತ್ತು ಕಳೆಯುವವರಿಗಾಗಿ. ಬೌಲಿಂಗ್ ಆಟ ಎಂದಾಗ ಊರ ಮಂದಿ ಮೊದಲು ವಿಕೆಟ್ ಎಲ್ಲಿದೆ ಎಂದು ಕೇಳಿದ್ದರು. ಆಮೇಲೆ ಒಮ್ಮೆ ಕೈಗೆ ಹತ್ತಿದ್ದೇ ತಡ, ಬಿಡುವುದನ್ನೇ ಮರೆತರು. ಅದಕ್ಕೆ ಕಾರಣವಾದ ಶೋಧ ಪರದೆಯ ಮೇಲೆ ಕಾಣುತ್ತಿರಲಿಲ್ಲ. ಶ್ರೀಕರ ಅದಕ್ಕೆ ‘ಒತ್ತಾಸೆ’ ಎಂದು ಹೆಸರಿಟ್ಟಿದ್ದ. ಆಡುವವನ ಕೈ ಎತ್ತ ಹೋಗಬೇಕೆಂದಿತ್ತು, ನಡುಗಿ ಎತ್ತ ಹೋಯಿತು ಎಂಬೆರಡನ್ನೂ ಬೇರ್ಪಡಿಸಿ, ಗುಂಡನ್ನು ಅವನ ಮನಸ್ಸಿನಲ್ಲಿದ್ದ ದಾರಿಗೆ ತುಸುವೇ ತಳ್ಳುವ ತಂತ್ರ ಅದು. ಎಷ್ಟು ತಳ್ಳಬೇಕೆಂದು ತಾನೇ ಕಲಿಯುತ್ತಿತ್ತು. ಸೋತು ಕೈಬಿಡುವಷ್ಟು ಕಡಿಮೆಯೂ ಅಲ್ಲ, ಗೆದ್ದು ಬೇಸರವಾಗುವಷ್ಟು ಹೆಚ್ಚೂ ಅಲ್ಲ. ಕೈಯ ಸ್ವಾಧೀನ ತಪ್ಪಿದವರು ಈ ಆಟ ಆಡುತ್ತ ಆಡುತ್ತ ಗುಣವಾಗುತ್ತಿದ್ದಾರೆಂದು ಮೊದಲು ಗಮನಿಸಿದವಳು ಆಸ್ಪತ್ರೆಯ ವೈದ್ಯೆ ನಫೀಸಾ ಸವಣೂರ. ಅವಳು ಬಂದು ಹೇಳಿದ ದಿನ ಶ್ರೀಕರನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅವಳ ರೋಗಿಗಳಲ್ಲಿ ಯಮನೂರಪ್ಪ ಹಡಪದ ಒಬ್ಬ. ದುರ್ಗದಬೈಲಿನ ಹತ್ತಿರ ಅವನದೊಂದು ಕ್ಷೌರದಂಗಡಿ. ಬೇರೆ ಅಂಗಡಿಗಳಿಗೆಲ್ಲ ಯಂತ್ರದ ಕೈಗಳು ಬಂದ ಕಾಲದಲ್ಲೂ ಮನುಷ್ಯನ ಕೈಯೇ ಬೇಕೆನ್ನುವ ಗಿರಾಕಿಗಳು ಅವನಲ್ಲಿಗೆ ಹುಡುಕಿಕೊಂಡು ಬರುತ್ತಿದ್ದರು. ಸ್ಕೂಟರಿನಿಂದ ಬಿದ್ದು ಬಲಗೈಯ ನರ ಹರಿದಾಗ ವೈದ್ಯರು ಅದನ್ನು ಜೋಡಿಸಿಕೊಟ್ಟರು, ನಡುಕ ಮಾತ್ರ ಉಳಿಯಿತು. ಚಹಾದ ಕಪ್ಪು ಬಾಯಿಗೆ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಮೇಲಿರುತ್ತಿತ್ತು. ಅಂಥವನು ಒಂದು ವರ್ಷ ಬಿಡದೆ ಗುಂಡು ಉರುಳಿಸಿದ. ಈಗ ಹತ್ತಕ್ಕೆ ಹತ್ತು ಪಿನ್ನು ಕೆಡವುತ್ತಿದ್ದ. ಚಹಾ ಕುಡಿಯುತ್ತಿದ್ದ. ನೊರೆ ಬಳಿದ ಬಲೂನಿನ ಮೇಲೆ ಕತ್ತಿ ಆಡಿಸಿ, ಅದು ಒಡೆಯದಂತೆ ನೊರೆ ತೆಗೆದಿದ್ದ. ಆದರೆ ಬಲೂನು ಉಸಿರಾಡುವುದಿಲ್ಲ, ಉಗುಳು ನುಂಗುವುದಿಲ್ಲ. ಮನುಷ್ಯನ ಕೊರಳಿನ ಮೇಲೆ ಕತ್ತಿ ಇಡುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅವನು ಶ್ರೀಕರನನ್ನು ಅಂಗಡಿಗೆ ಕರೆಸಿಕೊಂಡ. ನಫೀಸಾಳೂ ಜೊತೆಗೆ ಬಂದಳು. ಕುರ್ಚಿಗೆ ಬಿಳಿ ಬಟ್ಟೆ ಹಾಸಿತ್ತು, ಕತ್ತಿ ಮಸೆದು ಸಿದ್ಧವಾಗಿತ್ತು.

“ನಮ್ಮ ಮನಿತನದಾಗ ಒಂದು ಪದ್ಧತಿ ಐತ್ರಿ ಸರ್,” ಎಂದ ಯಮನೂರಪ್ಪ. “ಕೈಗೆ ಕತ್ತಿ ಕಲಿಸಿದಾಂವ ಮೊದಲು ತನ್ನ ಗಲ್ಲ ಕೊಡಬೇಕು. ನಮ್ಮಪ್ಪ ನನಗ ಕೊಟ್ಟಿದ್ದ. ಈ ಕೈಗೆ ಎರಡನೇ ಸಲ ಕಲಿಸಿದವರು ನೀವು. ನೀವು ಕೂತ್ರ ಅಂಗಡಿ ತೆರೀತೀನಿ, ಇಲ್ಲಂದ್ರ ಕತ್ತಿ ಪೆಟ್ಟಿಗ್ಯಾಗ ಇಟ್ಟುಬಿಡ್ತೀನಿ.”

ಸಾವಿರಾರು ಜನ ತನ್ನನ್ನು ಹೊಗಳುವಾಗ ಸುಮ್ಮನೆ ನಕ್ಕು ಕೈಮುಗಿದ ಶ್ರೀಕರನಿಗೆ, ಈ ಮನುಷ್ಯನ ಮುಂದೆ ಮುಚ್ಚಿಡಲಾಗಲಿಲ್ಲ. ಆಟದೊಳಗೆ ಒತ್ತಾಸೆ ಇದೆಯೆಂದೂ, ಕೆಡವಿದ ಪಿನ್ನುಗಳಲ್ಲಿ ಎಷ್ಟೋ ಅದು ಕೆಡವಿಕೊಟ್ಟದ್ದೆಂದೂ ಹೇಳಿಬಿಟ್ಟ. ಬಯ್ಯುತ್ತಾನೆಂದುಕೊಂಡಿದ್ದ. ಯಮನೂರಪ್ಪ ಬಯ್ಯಲಿಲ್ಲ, ಸ್ಟೂಲಿನ ಮೇಲೆ ಕೂತು ತನ್ನಪ್ಪನ ಕಥೆ ಹೇಳಿದ. ಕಲಿಯುವ ಕಾಲಕ್ಕೆ ಅಪ್ಪ ಕುರ್ಚಿಯಲ್ಲಿ ಕೂತೇ ಮಗನ ಮೊಣಕೈ ಕೆಳಗೆ ಒಂದು ಬೆರಳು ಆನಿಸಿರುತ್ತಿದ್ದನಂತೆ. ಯಾವತ್ತು ತೆಗೆದ ಎಂದು ಮಗನಿಗೆ ತಿಳಿಯಲೇ ಇಲ್ಲವಂತೆ, ಅಪ್ಪ ಹೇಳಿದ ಮೇಲೆಯೇ ತಿಳಿದದ್ದಂತೆ.

“ಬೆರಳು ಕೊಟ್ಟದ್ದು ತಪ್ಪಲ್ರಿ. ಈಗ ಅದನ್ನ ತಗದೀರೋ ಇಲ್ಲೋ, ಅಷ್ಟ ಹೇಳ್ರಿ.”

ಒತ್ತಾಸೆಯ ಲೆಕ್ಕ ಕಂಡರೆ ಆಡುವವನ ಉತ್ಸಾಹ ಕುಗ್ಗೀತೆಂದು, ಅದು ಯಾರಿಗೂ, ಮಾಡಿದ ತನಗೂ, ಕಾಣದಂತೆ ಶ್ರೀಕರನೇ ರೂಪಿಸಿದ್ದ. ಅದೇ ತನ್ನ ಜಾಣತನವೆಂದು ಸಭೆಗಳಲ್ಲಿ ಹೇಳಿಕೊಂಡೂ ಇದ್ದ. ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಈಗ ಹೆಕ್ಕಿ ತೆಗೆಯೆಂದರೆ ಹೇಗೆ? ಅವನು ನಫೀಸಾಳ ಮುಖ ನೋಡಿದ. ಕೈಯ ಬಲ, ಹಿಡಿತ, ಸ್ಪರ್ಶ ಎಲ್ಲ ಪರೀಕ್ಷೆಯಲ್ಲಿ ಸರಿಯಾಗಿಯೇ ಇವೆ, ಆದರೆ ಕೊರಳ ಮೇಲಿನ ಕತ್ತಿಗೆ ತನ್ನಲ್ಲಿ ಪರೀಕ್ಷೆಯಿಲ್ಲ ಎಂದು ಅವಳು ಒಪ್ಪಿಕೊಂಡಳು.

“ಗೊತ್ತಿಲ್ಲ ಕಾಕಾ,” ಎಂದ ಶ್ರೀಕರ. ಅಷ್ಟು ಹೇಳಿ ಕನ್ನಡಕ ತೆಗೆದಿಟ್ಟು ಕುರ್ಚಿಯಲ್ಲಿ ಕೂತ.

ನೊರೆ ತಣ್ಣಗಿತ್ತು. ಕತ್ತಿ ಕಿವಿಯ ಬುಡದಿಂದ ಇಳಿಯತೊಡಗಿದಾಗ ಶ್ರೀಕರನ ಕೈಗಳು ಬಟ್ಟೆಯ ಕೆಳಗೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ತನ್ನ ಶೋಧದ ಬಗ್ಗೆ ಅವನು ಅಷ್ಟು ಪ್ರಾಮಾಣಿಕವಾಗಿ ಯೋಚಿಸಿದ್ದು ಅದೇ ಮೊದಲು. ಗಲ್ಲ ಮುಗಿಯಿತು. ಗದ್ದ ಮುಗಿಯಿತು. ಕೊರಳಿಗೆ ಬಂದಾಗ ಯಮನೂರಪ್ಪ ಒಂದು ಕ್ಷಣ ನಿಂತ, ಉಸಿರು ಬಿಟ್ಟ, ಮತ್ತೆ ಶುರುಮಾಡಿದ. ಕತ್ತಿ ನಡುಗಲಿಲ್ಲ. ಉಗುಳು ನುಂಗಲೂ ಹೆದರಿ ಕೂತಿದ್ದ ಶ್ರೀಕರನಿಗೆ, ಮುಗಿಯಿತೆಂದು ಅವನು ಭುಜ ತಟ್ಟಿದಾಗ ಕಣ್ಣು ತುಂಬಿ ಬಂತು.

ಕನ್ನಡಿಯಲ್ಲಿ ನೋಡಿಕೊಂಡರೆ ದವಡೆಯ ಮೂಲೆಯಲ್ಲಿ ಸಾಸಿವೆಯಷ್ಟು ರಕ್ತ. ನಫೀಸಾ ಹತ್ತಿ ತೆಗೆದುಕೊಂಡು ಮುಂದೆ ಬಂದಳು. ಯಮನೂರಪ್ಪ ಅವಳನ್ನು ತಡೆದು, ಬಗ್ಗಿ ಆ ಚುಕ್ಕೆಯನ್ನು ನೋಡಿದ. ಅವನ ಮುಖ ಅರಳಿತು.

“ಇದು ನನ್ನ ಕೈದ ತಪ್ಪು ನೋಡ್ರಿ ಸರ್. ನಿಮ್ಮ ಆಟದ್ದಲ್ಲ.”

ಶ್ರೀಕರ ಆ ವಾರವೇ ಕೆಲಸಕ್ಕೆ ಕೂತ. ಒತ್ತಾಸೆಯನ್ನು ಕಿತ್ತುಹಾಕಲಿಲ್ಲ, ಕಿತ್ತಿದ್ದರೆ ಯಮನೂರಪ್ಪನಂಥವರ ಮೊದಲ ಗುಂಡೇ ಉರುಳುತ್ತಿರಲಿಲ್ಲ. ಒತ್ತಾಸೆ ತನ್ನ ಬೆರಳನ್ನು ಎಷ್ಟು ಆನಿಸಿದೆ, ಯಾವತ್ತು ಪೂರ್ತಿ ತೆಗೆಯಿತು ಎಂಬುದನ್ನು ಆಟವೇ ಆಡುವವನಿಗೆ ಹೇಳುವಂತೆ ಮಾಡಿದ. ಜನ ಮುನಿಸಿಕೊಂಡು ಹೋಗುತ್ತಾರೆಂದು ಆಟವನ್ನು ಮಾರುವ ಕಂಪನಿಯವರು ಹೆದರಿದರು. ಒಂದಿಷ್ಟು ಜನ ಹೋದದ್ದೂ ನಿಜ. ಉಳಿದವರು ಹೆಚ್ಚು ಆಡಿದರು, ಹೆಚ್ಚು ಸೋತರು, ನಫೀಸಾಳ ಕೋಣೆಯಲ್ಲಿ ಬೇಗ ಗುಣವಾದರು. ಅಷ್ಟರಲ್ಲಿ ಒತ್ತಾಸೆ ಬೇರೆಲ್ಲ ಕಡೆಗೂ ಹಬ್ಬಿತ್ತು. ವಕ್ರ ಅಕ್ಷರವನ್ನು ಲೇಖನಿ ನೇರ ಮಾಡುತ್ತಿತ್ತು, ಮದುವೆಮನೆಯ ಹಾಡನ್ನು ಮೈಕು ಶ್ರುತಿಗೆ ತರುತ್ತಿತ್ತು. ಹುಬ್ಬಳ್ಳಿಯ ಮಂದಿ ಹೊಸ ಸಾಮಾನು ಕೊಳ್ಳುವಾಗೆಲ್ಲ ಬೆರಳು ತೆಗೆಯುತ್ತದೋ ಇಲ್ಲವೋ ಎಂದು ಕೇಳುವುದನ್ನು ರೂಢಿಮಾಡಿಕೊಂಡರು. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕೆಂದು ಕಾನೂನು ಬಂದದ್ದು ಆಮೇಲೆ.

ಇದೆಲ್ಲ ಇನ್ನೂ ಆಗಬೇಕಾದ ಕಥೆ. ಆದರೆ ಇವತ್ತಿನ ಬಸ್ಸಿನ ಕಿಟಕಿಯ ಪಕ್ಕವೂ ಯಾರೋ ಕೂತು, ಹೆಬ್ಬೆರಳಿನಿಂದ ಪರದೆಯ ಮೇಲೆ ಗುಂಡು ಉರುಳಿಸುತ್ತಿದ್ದಾರೆ. ಹತ್ತೂ ಪಿನ್ನು ಬಿದ್ದಾಗ ಹಿಗ್ಗಲಿ, ಹಿಗ್ಗಿಗೇನು ಬಡತನ. ಗುಂಡು ಒಮ್ಮೆ ಕಾಲುವೆಗೆ ಬಿದ್ದರೆ ಮಾತ್ರ ಬೇಸರ ಮಾಡಿಕೊಳ್ಳದಿರಲಿ. ಆ ತಪ್ಪೊಂದಾದರೂ ಅವರ ಕೈಯದೇ.