ಹೊಗೆ ಮಾಂತ್ರಿಕ ಮತ್ತು ದುಭಾಷಿ ಶಿನೊ

ಬಹಳ ಬಹಳ ಹಿಂದೆ, ಸೂರ್ಯ ಎಲ್ಲರಿಗಿಂತ ಮೊದಲು ಎದ್ದು ಮುಖ ತೊಳೆಯುವ ಮೂಡಣ ಕಡಲಿನಲ್ಲಿ, ಮಿನಾಹೊ ಎಂಬ ದ್ವೀಪರಾಜ್ಯವಿತ್ತು. ಅಲ್ಲಿಯ ಜನ ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ತಮ್ಮ ಮನೆಗೆ ಕರೆಯುತ್ತಲೂ ಇರಲಿಲ್ಲ. ಹಾಗಾಗಿ ಸುಖವಾಗಿದ್ದರು.

ಒಂದು ದಿನ, ಹೊಗೆ ಉಗುಳುವ ಕಪ್ಪು ಹಡಗಿನಲ್ಲಿ ಒಬ್ಬ ಮಾಂತ್ರಿಕ ಬಂದ. ಬಂದರಿನ ನೀರಿಗೆ ತನ್ನ ಕೋಲು ಅದ್ದಿ, "ಲೋಕದ ಒಬ್ಬ ಅರಸಾದರೂ ನಿಮ್ಮನ್ನು ತನಗೆ ಸಮಾನರೆಂದು ಒಪ್ಪುವವರೆಗೆ ಈ ಬಂದರಿನಲ್ಲಿ ನನ್ನದೇ ಕಾನೂನು" ಎಂದ. ಅಂದಿನಿಂದ ನೀರು ಅವನ ಮಾತು ಕೇಳತೊಡಗಿತು.

ಮರುದಿನವೇ ಅವನ ಹಡಗು ಕಿಸುಕೆ ಎಂಬ ಹುಡುಗನ ದೋಣಿಗೆ ಗುದ್ದಿ ಮುಳುಗಿಸಿತು. ಕಿಸುಕೆ ಈಜಿ ಬಂದು ನ್ಯಾಯ ಕೇಳಿದ. ಮಾಂತ್ರಿಕ ತನ್ನ ಕಾನೂನಿನಂತೆ ವಿಚಾರಣೆ ನಡೆಸಿ, ದೋಣಿಯದೇ ತಪ್ಪೆಂದು ತೀರ್ಮಾನಿಸಿ, ಅವನನ್ನು ನೀರುಕಾಗೆ ಎಂಬ ಹಕ್ಕಿಯನ್ನಾಗಿ ಮಾಡಿದ. ಕೊರಳಿಗೆ ದಾರ ಬಿಗಿದು ಮೀನು ಹಿಡಿಯಲು ಬಿಟ್ಟ. ಹಿಡಿದದ್ದನ್ನು ನುಂಗಲು ಆ ದಾರ ಬಿಡುತ್ತಿರಲಿಲ್ಲ.

ಕಿಸುಕೆಯ ಅಕ್ಕ ಶಿನೊ ಅರಸನ ದುಭಾಷಿ. ಆಸ್ಥಾನದಲ್ಲಿ ಪರದೇಶದ ಮಾತು ಬರುತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಅರಸನ ಮುಂದೆ ತಲೆಬಾಗಿ, "ಮಹಾಪ್ರಭು, ನನ್ನ ತಮ್ಮನನ್ನು ಬಿಡಿಸಿಕೊಡಿ" ಎಂದಳು.

ಅರಸ ಹಿರಿಯ ಮಂತ್ರಿ ಓರಿಬೆಯ ಮುಖ ನೋಡಿದ.

"ಬಿಡಿಸೋಣ ತಾಯಿ," ಎಂದ ಓರಿಬೆ. "ನಾವು ಆ ಮಾಂತ್ರಿಕನ ಹಾಗೇ ಆಗಿಬಿಟ್ಟರೆ ಸಮಾನರು ಅನ್ನದೆ ಎಲ್ಲಿಗೆ ಹೋಗ್ತಾನೆ?"

ನಾವು ನಿನಗೆ ಸಮಾನರೇ ಎಂದು ಮೊದಲ ಸಲ ಕೇಳಿದಾಗ ಮಾಂತ್ರಿಕ, "ನಿಮ್ಮ ತಲೆ ನೋಡಿಕೊಂಡಿದ್ದೀರಾ?" ಎಂದ. ದೇಶದ ಗಂಡಸರೆಲ್ಲ ನೆತ್ತಿಯ ಜುಟ್ಟು ಕತ್ತರಿಸಿದರು. ಅಲ್ಲಿ ಜುಟ್ಟು ನೋಡಿಯೇ ಅಂತಸ್ತು ತಿಳಿಯುತ್ತಿದ್ದುದರಿಂದ ಯಾರಿಗೆ ಯಾರು ಬಾಗಬೇಕೆಂದೇ ತಿಳಿಯದಾಯಿತು. ಸೇನಾಪತಿ ಅಡುಗೆಯವನಿಗೆ ನಡುಬಗ್ಗಿಸಿ ವಂದಿಸಿದ. ಅಡುಗೆಯವನು, "ಇರಲಿ ಬಿಡಪ್ಪ" ಎಂದ.

ಎರಡನೆಯ ಸಲ ಕೇಳಿದಾಗ ಮಾಂತ್ರಿಕ, "ತಲೆ ಪರವಾಗಿಲ್ಲ. ಕುಣಿಯೋಕೆ ಬರುತ್ತಾ?" ಎಂದ. ಇಟ್ಟಿಗೆಯ ಕುಣಿತದ ಮನೆ ಎದ್ದಿತು. ಮಂತ್ರಿಗಳು ಹತ್ತು ಜನರ ಎದುರು ಹೆಂಡತಿಯ ಸೊಂಟ ಹಿಡಿದು, ಕಾಲು ತುಳಿದು, ಕ್ಷಮೆ ಕೇಳಿ, ಮತ್ತೆ ತುಳಿದರು. "ಇದು ಯುದ್ಧವೋ ಮದುವೆಯೋ?" ಎಂದು ಓರಿಬೆಯ ಹೆಂಡತಿ ಕೇಳಿದಳು. ಓರಿಬೆಗೂ ಗೊತ್ತಿರಲಿಲ್ಲ.

ಮೂರನೆಯ ಸಲ ಕೇಳಿದಾಗ ಮಾಂತ್ರಿಕ, "ಬೆಂಕಿ ತಿನ್ನುವ ಕಬ್ಬಿಣದ ಕುದುರೆಯನ್ನು ಪಳಗಿಸಿ" ಎಂದ. ಪಳಗಿಸಿದರು. ಅದರ ಬೆನ್ನ ಹಿಂದೆ ಸಾಲು ಸಾಲು ಗಾಡಿ ಕಟ್ಟಿದರು. ಜನ ಒಳಮನೆಗೆ ಕಾಲಿಡುವ ಮರ್ಯಾದೆಯಲ್ಲಿ ಚಪ್ಪಲಿಯನ್ನು ನೆಲದ ಮೇಲೆ ನೀಟಾಗಿ ಜೋಡಿಸಿಟ್ಟು ಗಾಡಿ ಹತ್ತಿದರು. ಕುದುರೆ ಓಡಿತು. ಚಪ್ಪಲಿಗಳು ಅಲ್ಲೇ ಉಳಿದವು. ಅರಸನೂ ಮುಂದಿನ ಊರಲ್ಲಿ ಬರಿಗಾಲಲ್ಲಿ ಇಳಿದ.

"ಬರಿಗಾಲಿನವರು ನನಗೆ ಸಮಾನರೇ?" ಎಂದು ಮಾಂತ್ರಿಕ ನಕ್ಕ.

ಶಿನೊ ಬಂದರಿಗೆ ಹೋದಳು. ಪರದೇಶದ ಗೌನು, ಪರದೇಶದ ಟೋಪಿ. ಅವಳನ್ನು ಕಂಡು ನೀರುಕಾಗೆ ಹೆದರಿ ದೂರ ಸರಿಯಿತು.

"ನಾನು ಕಣೋ, ನಿನ್ನಕ್ಕ" ಎಂದಳು. ಹಕ್ಕಿ ಗುರುತು ಹಿಡಿಯಲಿಲ್ಲ. ಹಿಡಿದ ಮೀನನ್ನು ಅವಳ ಕಾಲ ಬಳಿ ಇಟ್ಟು, ಒಡತಿಗೆ ಒಪ್ಪಿಸಿದಂತೆ ತಲೆ ತಗ್ಗಿಸಿ ನಿಂತಿತು.

ಶಿನೊ ಟೋಪಿಯನ್ನು ಸಮುದ್ರಕ್ಕೆ ಎಸೆದು ನೇರ ಆಸ್ಥಾನಕ್ಕೆ ಬಂದಳು. "ಮಹಾಪ್ರಭು, ಒಬ್ಬ ಅರಸಾದರೂ ಒಪ್ಪಲಿ ಅಂದನಲ್ಲ ಅವನು. ನಾವೇಕೆ ಅವನ ಬಾಗಿಲನ್ನೇ ತಟ್ಟುತ್ತಿದ್ದೇವೆ?"

"ಚಿಕ್ಕಪುಟ್ಟವರು ಒಪ್ಪಿ ಏನು ಪ್ರಯೋಜನ?" ಎಂದ ಓರಿಬೆ.

"ನಾವು ಚಿಕ್ಕವರು ಅಂತ ಅವನು ಅಂದಾಗ ನಿಮಗೆ ಕೋಪ ಬಂತಲ್ಲ, ಮಂತ್ರಿಗಳೇ."

ಅರಸ ಅವಳಿಗೊಂದು ಹಡಗು ಕೊಟ್ಟ. ಶಿನೊ ಕಡಲ ಆ ತುದಿಗೆ, ಬೆಳ್ಳಿಗುಡ್ಡಗಳ ಪುಟ್ಟ ರಾಜ್ಯಕ್ಕೆ ಹೋದಳು. ಅಲ್ಲಿಯ ರಾಣಿ ಇಶಾಲಾ ಎದ್ದು ಬಂದು ಮೇಲಿನ ಪೀಠ ತೋರಿಸಿದಳು.

"ಕೂತ್ಕೊಳ್ಳಿ."

"ಎಲ್ಲಾದರೂ ಉಂಟೇ? ನೀವು ಕೂತ್ಕೊಳ್ಳಿ."

"ಅತಿಥಿ ನೀವು."

"ಮನೆಯ ಯಜಮಾನಿ ನೀವು."

ಮಧ್ಯಾಹ್ನದ ಊಟ ಆರಿ ಹೋಯಿತು. ಕೊನೆಗೆ ಕಾಲು ನೋವಿಗೆ ಸೋತು ಇಬ್ಬರೂ ನೆಲದ ಮೇಲೆ ಎದುರುಬದುರು ಕೂತರು. ಶಿನೊ ಎಲ್ಲ ಹೇಳಿದಳು.

"ನಮ್ಮಲ್ಲಿಗೂ ಅಂಥವನೊಬ್ಬ ಬಂದಿದ್ದ," ಎಂದಳು ರಾಣಿ. "ನಮ್ಮವರು ನಿಮ್ಮ ಬಂದರಿನಲ್ಲಿ ತಪ್ಪು ಮಾಡಿದರೆ ನೀವು ವಿಚಾರಿಸಿ. ನಿಮ್ಮವರು ನಮ್ಮಲ್ಲಿ ಮಾಡಿದರೆ ನಾವು ವಿಚಾರಿಸ್ತೇವೆ. ಇಬ್ಬರೂ ಸಮಾನರು, ಸರಿಯಾ?"

"ಅಷ್ಟೇನಾ?"

"ಇನ್ನೇನು, ಕುಣೀಬೇಕಾ?"

ಶಿನೊ ತನ್ನ ಅರಸನ ಪರವಾಗಿ ಕೈ ಚಾಚಿದಳು, ರಾಣಿ ಹಿಡಿದಳು. ಅದೇ ಗಳಿಗೆ, ಕಡಲ ಈ ತುದಿಯಲ್ಲಿ, ಮಾಂತ್ರಿಕನ ಕೋಲು ಬರೀ ಒದ್ದೆ ಕಟ್ಟಿಗೆಯಾಯಿತು. ಕೊರಳಿನ ದಾರ ಕಡಿದು, ಕಿಸುಕೆ ಮನುಷ್ಯನಾಗಿ ನೀರಿನಿಂದ ಎದ್ದ. ದ್ವೀಪದ ನ್ಯಾಯಾಧೀಶ ಹಡಗಿನದೇ ತಪ್ಪೆಂದು ತೀರ್ಪು ಕೊಟ್ಟ. ಮಾಂತ್ರಿಕ ತನ್ನ ಕೈಯಾರೆ ಹೊಸ ದೋಣಿ ಕಟ್ಟಿಕೊಟ್ಟು, ಬಂದ ದಾರಿ ಹಿಡಿದ.

ಶಿನೊ ಮರಳಿ ಬಂದ ದಿನ ಹಬ್ಬದೂಟವಾಯಿತು. ಊಟ ಮುಗಿಸಿ ಓರಿಬೆ ಕಿಟಕಿಯಾಚೆ ನೆರೆರಾಜ್ಯದ ದಡವನ್ನು ನೋಡುತ್ತ ನಿಂತ.

"ಅಲ್ಲಿಯವರಿಗೆ ಇನ್ನೂ ಜುಟ್ಟಿದೆ, ಪಾಪ. ಕಬ್ಬಿಣದ ಕುದುರೆಯೂ ಇಲ್ಲ. ನಾವೊಂದು ಕಪ್ಪು ಹಡಗು ಕಟ್ಟಿಸಿದ್ದೇವೆ. ಶಿನೊ, ನೀನು ಬಂದು ಅವರ ಭಾಷೆಯಲ್ಲಿ ಹೇಳಬೇಕು, ನಮ್ಮ ಹಾಗೆ ಆಗುವವರೆಗೆ ಅವರ ಬಂದರು ನಮ್ಮದು ಅಂತ."

ಶಿನೊ ತಮ್ಮನ ತಟ್ಟೆಗೆ ಇನ್ನೊಂದು ಮೀನು ಬಡಿಸಿದಳು. "ಆ ಮಾತು ನನ್ನ ಬಾಯಲ್ಲಿ ಬರಲ್ಲ, ಮಂತ್ರಿಗಳೇ."

"ಬರಲ್ಲ ಅಂದರೆ? ನಿನಗೆ ಅವರ ಭಾಷೆ ಗೊತ್ತಲ್ಲ."

"ಗೊತ್ತು."

ಓರಿಬೆ ಅರಸನ ಮುಖ ನೋಡಿದ. ಅರಸ ಕಿಸುಕೆಯ ಮುಖ ನೋಡಿದ. ಕಿಸುಕೆ ತಿನ್ನುವುದನ್ನು ನಿಲ್ಲಿಸಿದ್ದ.

"ದುಭಾಷಿ ಇಲ್ಲದೆ ಹಡಗು ಹೊರಡುವುದು ಬೇಡ" ಎಂದ ಅರಸ.

ಹಡಗು ಹೊರಡಲಿಲ್ಲ. ಈ ದಡದವರು ಈ ದಡದಲ್ಲಿ, ಆ ದಡದವರು ಆ ದಡದಲ್ಲಿ, ಹೊಟ್ಟೆ ತುಂಬ ಉಂಡು ಬಹುಕಾಲ ಬಾಳಿದರು.